ನೋಡ್ತಿದ್ದ ತಂಗಿ ಅತ್ತಳು, ಆಡ್ತಿದ್ದ ನನಗೆ ಏನೂ ಆಗಲಿಲ್ಲ. ಗೇಮಿನ ಕಥೆ ಸಿನಿಮಾದಷ್ಟು ತಟ್ಟುತ್ತಾ?

ತಡರಾತ್ರಿ ಆಟಗಾರ

ಕೇಳೋಕೆ ಸ್ವಲ್ಪ ನಾಚಿಕೆ, ಆದರೂ ಕೇಳ್ತೀನಿ. 'ದಿ ಲಾಸ್ಟ್ ಆಫ್ ಅಸ್' ಬಂದಿದ್ದು 2013ರಲ್ಲಿ, ನಾನು ಆಡಿದ್ದು ಮೊನ್ನೆ. ಎಲ್ಲರೂ "ಕರ್ಚೀಫ್ ಪಕ್ಕದಲ್ಲಿ ಇಟ್ಕೊಂಡು ಕೂತ್ಕೋ" ಅಂತ ಹೆದರಿಸಿದ್ದರು. ತಂಗಿಗೆ ಗೇಮ್ ಅಂದ್ರೆ ಆಗಲ್ಲ. ಕಥೆ ಚೆನ್ನಾಗಿದೆ ಅಂತ ಯಾರೋ ಹೇಳಿದ್ದಕ್ಕೆ ಪಕ್ಕದಲ್ಲಿ ಕೂತು ನೋಡ್ತಿದ್ದಳು. (ಅದರ ಹುಡುಗಿಯ ಹೆಸರು 'ಎಲ್ಲಿ'. ಇವಳು ಹತ್ತು ನಿಮಿಷಕ್ಕೊಂದು ಸಲ "ಎಲ್ಲಿ ಎಲ್ಲಿ?" ಅಂತ ಕೇಳಿ ನನ್ನ ತಲೆ ತಿಂದಳು.)

ಚಳಿಗಾಲದ ಭಾಗ ಬಂತು. ಹೊತ್ತಿ ಉರೀತಿರೋ ಹೋಟೆಲ್ಲಿನಲ್ಲಿ ಡೇವಿಡ್ ಅನ್ನೋ ಪಾಪಿ ಮಚ್ಚು ಹಿಡಿದು ಹುಡುಗಿಯನ್ನ ಹುಡುಕ್ತಿರ್ತಾನೆ. ನಾವು ಸದ್ದಿಲ್ಲದೆ ಅವನ ಬೆನ್ನ ಹಿಂದೆ ಹೋಗಿ ಚುಚ್ಚಬೇಕು. ನೆಲದ ತುಂಬ ಒಡೆದ ತಟ್ಟೆ ಚೂರು, ಕಾಲಿಟ್ಟರೆ ಚರಕ್ ಅನ್ನುತ್ತೆ. ನಾನು ಅಲ್ಲಿ ಹನ್ನೊಂದು ಸಲ ಸತ್ತೆ. ಮೊದಲ ಎರಡು ಸಲ ನಿಜಕ್ಕೂ ಭಯ. ಆರನೇ ಸಲಕ್ಕೆ ಡೇವಿಡ್ ಯಾವ ಮೇಜಿನ ಹತ್ತಿರ ತಿರುಗ್ತಾನೆ ಅಂತ ಬಾಯಿಪಾಠ ಆಗಿತ್ತು. ಒಂಬತ್ತನೇ ಸಲಕ್ಕೆ ಅವನ ಡೈಲಾಗ್ ಅವನಿಗಿಂತ ಮೊದಲು ನಾನೇ ಹೇಳ್ತಿದ್ದೆ.

ಕೊನೆಗೂ ಮುಗೀತು, ಕಟ್‌ಸೀನ್ (ಆಟ ನಿಂತು ಸಿನಿಮಾ ಥರ ತಾನೇ ಓಡೋ ದೃಶ್ಯ) ಶುರುವಾಯ್ತು. ಹುಡುಗಿ ಮಚ್ಚಿನಿಂದ ಹೊಡೀತಾನೇ ಇದ್ದಾಳೆ, ನಿಲ್ಲಿಸ್ತಿಲ್ಲ. ಅವಳ ಜೊತೆಗಾರ ಜೋಯಲ್ ಬಂದು ಹಿಡ್ಕೊಂಡು ಎದೆಗೆ ಒತ್ತಿಕೊಳ್ತಾನೆ. ತಿರುಗಿ ನೋಡಿದ್ರೆ ತಂಗಿ ಮುಸಿಮುಸಿ ಅಳ್ತಿದ್ದಾಳೆ. ನನ್ನ ತಲೆಯಲ್ಲಿ ಇದ್ದಿದ್ದು ಒಂದೇ ಮಾತು: ಸದ್ಯ, ಸೇವ್ ಆಯ್ತಾ?

ಹಾಗಾದ್ರೆ ಗೇಮಿನ ಕಥೆ ತಟ್ಟೋದು ಪಕ್ಕದಲ್ಲಿ ಕೂತವರಿಗೆ ಮಾತ್ರವಾ? ಆಡೋನಿಗೆ ಬರೀ ಬೆರಳುನೋವಾ? ನಿಮಗೆ ಹೀಗೆ ಆಗಿದೆಯಾ?

ಬಟನ್ ಬಸವ

ಸ್ಪಾಯ್ಲರ್ ಅಂತ ಮೊದಲೇ ಒಂದು ಸಾಲು ಹಾಕಕ್ಕೆ ಏನಾಗಿತ್ತು ಗುರು ನಿಂಗೆ?

ತಡರಾತ್ರಿ ಆಟಗಾರ

2013ರ ಗೇಮ್ ಬಸವಣ್ಣ. ಅದರ ಮೇಲೆ ಧಾರಾವಾಹಿನೂ ಬಂದು ಹೋಯ್ತು.

ಬಟನ್ ಬಸವ

ನಾನು ಈ ವಾರ ಶುರು ಮಾಡೋನಿದ್ದೆ. ಹೋಯ್ತು.

ಕಡಲಕಾಗೆ

ಕಷ್ಟದ ಮಟ್ಟ ಎಷ್ಟಕ್ಕೆ ಇಟ್ಟಿದ್ರಿ ಮಾರಾಯ್ರೆ? ಹನ್ನೊಂದು ಸಲ ಸತ್ತರೆ ಯಾರಿಗೆ ಅಳು ಬರ್ತದೆ? 'ಈಸಿ'ಗೆ ಹಾಕಿ ಆಡಿ. ಮರ್ಯಾದೆ ಏನೂ ಹೋಗುವುದಿಲ್ಲ.

ರೀಲು ಹುಚ್ಚ

ಪ್ರಶ್ನೆ ಕೇಳಿದವರೇ ಉತ್ತರವನ್ನೂ ಬರೆದಿದ್ದಾರೆ, ಗಮನಿಸಲಿಲ್ಲ ಅಷ್ಟೆ. ತಂಗಿ ಅತ್ತಿದ್ದು ಯಾವಾಗ? ಕಟ್‌ಸೀನ್ ಬಂದಾಗ. ಅಂದರೆ ಗೇಮ್ ನಿಂತು ಸಿನಿಮಾ ಶುರುವಾದಾಗ. ಭಾವನಾತ್ಮಕ ಗೇಮ್ ಅಂತ ಹೆಸರು ಮಾಡಿದ ಯಾವುದನ್ನೇ ತಗೊಳ್ಳಿ, ಕಣ್ಣೀರು ಬರುವ ಜಾಗದಲ್ಲೆಲ್ಲ "ಸ್ವಲ್ಪ ಕಂಟ್ರೋಲರ್ ಕೆಳಗಿಡಿ" ಅನ್ನುತ್ತವೆ. 2008ರ 'ಮೆಟಲ್ ಗಿಯರ್ ಸಾಲಿಡ್ 4' ಕೊನೆಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬರೀ ನೋಡುತ್ತಾ ಕೂರಬೇಕು. ಅದು ಗೇಮೋ, ಟಿಕೆಟ್ ಇಲ್ಲದ ಸಿನಿಮಾನೋ?

ಸಿನಿಮಾದ ಜೀವ ಇರೋದು ಕತ್ತರಿಯಲ್ಲಿ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಚೂರನ್ನ ಬೇರೆ ಬೇರೆ ಚಿತ್ರದ ಪಕ್ಕದಲ್ಲಿಟ್ಟು ತೋರಿಸಿದ. ಶವಪೆಟ್ಟಿಗೆ ಪಕ್ಕದಲ್ಲಿಟ್ಟಾಗ ಜನರಿಗೆ ಆ ಮುಖದಲ್ಲಿ ದುಃಖ ಕಂಡಿತು, ಊಟದ ಬಟ್ಟಲ ಪಕ್ಕದಲ್ಲಿಟ್ಟಾಗ ಹಸಿವು ಕಂಡಿತು. ಮುಖ ಅದೇ. ಯಾವುದನ್ನ ಎಷ್ಟು ಹೊತ್ತು, ಯಾವುದರ ನಂತರ ನೋಡಬೇಕು ಅಂತ ನಿರ್ದೇಶಕ ತೀರ್ಮಾನಿಸಿದ್ದಕ್ಕೇ ಆ ಭಾವ ಹುಟ್ಟಿತು. ಗೇಮಿನಲ್ಲಿ ಆ ಕತ್ತರಿ ಯಾರ ಕೈಲಿದೆ? ನಮ್ಮ ಬಸವಣ್ಣನ ಕೈಲಿ. ನಾಯಕಿ ಸಾಯ್ತಿದ್ದರೆ ಅವರು ಪಕ್ಕದ ಕಪಾಟು ತೆಗೆದು ಗುಂಡು ಸಿಗುತ್ತಾ ಅಂತ ನೋಡ್ತಿರ್ತಾರೆ.

ಬಟನ್ ಬಸವ

ಗುಂಡು ಬೇಕಲ್ಲ ಸರ್ ಮತ್ತೆ.

ಮೂರನೇ ಜೀವ

ರೀಲು ಹುಚ್ಚ ಅವರೇ, ಸ್ವಲ್ಪ ತಡೀರಿ. "ಯಾವುದನ್ನೇ ತಗೊಳ್ಳಿ" ಅಂದ್ರಲ್ಲ, ನಾನೊಂದು ತಗೋತೀನಿ.

'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್', ಅದೂ 2013ರದ್ದೇ. ಮಾಡಿದ್ದು ಯೋಸೆಫ್ ಫಾರೆಸ್, ಮೊದಲು ಸಿನಿಮಾ ನಿರ್ದೇಶಕರಾಗಿದ್ದವರು. ಹಾಗಾಗಿ ಸಿನಿಮಾ ಗೊತ್ತಿಲ್ಲದೆ ಗೇಮ್ ಮಾಡಿದ್ರು ಅನ್ನೋ ಹಾಗಿಲ್ಲ. ಇಬ್ಬರು ಅಣ್ಣತಮ್ಮಂದಿರು, ಅಪ್ಪನಿಗೆ ಮದ್ದು ತರೋಕೆ ಹೊರಟಿದ್ದಾರೆ. ಕಂಟ್ರೋಲರ್‌ನ ಎಡಗೈ ಸ್ಟಿಕ್ ಅಣ್ಣನನ್ನ ನಡೆಸುತ್ತೆ, ಬಲಗೈ ಸ್ಟಿಕ್ ತಮ್ಮನನ್ನ. ಇಬ್ಬರಿಗೂ ಒಂದೊಂದು ಟ್ರಿಗರ್ (ತೋರುಬೆರಳಲ್ಲಿ ಒತ್ತೋ ಗುಂಡಿ), ಅಷ್ಟೆ. ಮೊದಲ ಅರ್ಧ ಗಂಟೆ ನರಕ. ಒಂದು ಕೈಲಿ ವೃತ್ತ, ಇನ್ನೊಂದು ಕೈಲಿ ಚೌಕ ಬರೆದಂಗೆ. ಮಾತಾಡೋದೂ ಯಾವುದೋ ಕಲ್ಪಿತ ಭಾಷೆ, ಒಂದಕ್ಷರ ಅರ್ಥ ಆಗಲ್ಲ. ನಿಧಾನಕ್ಕೆ ಎರಡೂ ಕೈ ಪಳಗುತ್ತವೆ.

(ಬಸವಣ್ಣ, ಇಲ್ಲಿಂದ ಮುಂದೆ ಓದಬೇಡಿ.)

ತಮ್ಮನಿಗೆ ನೀರೆಂದರೆ ಭಯ, ಅಮ್ಮ ಮುಳುಗಿ ಸತ್ತಿರ್ತಾಳೆ. ಈಜಬೇಕಾದಾಗೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಳ್ತಾನೆ. ಕೊನೆಗೆ ಅಣ್ಣ ಸಾಯ್ತಾನೆ. ತಮ್ಮ ಒಬ್ಬನೇ ವಾಪಸ್ ಬರ್ತಾ ಇರ್ತಾನೆ, ದಾರಿಗೆ ನೀರು ಅಡ್ಡ. ತಮ್ಮನ ಟ್ರಿಗರ್ ಒತ್ತಿದರೆ ಇಳಿಯಲ್ಲ, ಹಿಂದೆ ಸರೀತಾನೆ. ಮತ್ತೆ ಒತ್ತಿದೆ, ಮತ್ತೆ ಹಿಂದೆ. ಗೇಮ್ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ಸುಮ್ಮನೆ, ಯಾಕೆ ಅಂತ ನಂಗೂ ಗೊತ್ತಿಲ್ಲ, ಎಡಗೈ ಟ್ರಿಗರ್ ಒತ್ತಿದೆ. ಅಣ್ಣನದು. ತಮ್ಮ ಈಜೋಕೆ ಶುರು ಮಾಡಿದ.

ಅಲ್ಲಿ ಕಟ್‌ಸೀನ್ ಇಲ್ಲ ಸರ್. ಯಾರೂ ಕಂಟ್ರೋಲರ್ ಕೆಳಗಿಡಿ ಅನ್ನಲಿಲ್ಲ. ಇದನ್ನ ಸಿನಿಮಾ ಮಾಡಿ ತೋರಿಸಿ ನೋಡೋಣ. ಪಕ್ಕದಲ್ಲಿ ಕೂತು ನೋಡೋರಿಗೆ ಕಾಣೋದು ಒಬ್ಬ ಹುಡುಗ ಹೊಳೆ ದಾಟೋದು ಮಾತ್ರ.

ಮುಂಜಾನಿ ಮಂಜು

ಖರೇ ಅದ ರೀ ಅಕ್ಕಾರ. ನಾ ಆ ಟ್ರಿಗರ್ ಹತ್ರ ಬಂದಾಗ ಬೆರಳು ಅಲ್ಲೇ ನಿಂತ್ವು. ಮೂರು ತಾಸು ಆ ಎಡಗೈ ಅಂದ್ರ ಅಣ್ಣ ಅಂತ ರೂಢಿ ಆಗಿತ್ತಲ್ಲ.

ರೀಲು ಹುಚ್ಚ

ಒಪ್ಪಿದೆ, ಚೆನ್ನಾಗಿದೆ. ಆದರೆ ಅದೊಂದು ಉಪಾಯ. ಒಂದು ಸಲ ನಡೆಯುತ್ತೆ. ಒಂದು ಒಳ್ಳೆ ಟ್ರಿಗರ್ ಇದ್ದ ಮಾತ್ರಕ್ಕೆ ಇಡೀ ಮಾಧ್ಯಮ ಕಥೆ ಹೇಳಬಲ್ಲದು ಅಂತ ಆಗಲ್ಲ. ಎರಡನೇ ಸಲ ಆಡಿದಾಗ ಅದೇ ಭಾವ ಬಂತಾ ಮೇಡಂ?

ಮೂರನೇ ಜೀವ

ಎರಡನೇ ಸಲ ಆಡಿಲ್ಲ. ಆಡೋ ಧೈರ್ಯ ಬಂದಿಲ್ಲ ಅನ್ನೋದು ಸರಿ.

ಬಟನ್ ಬಸವ

ಮುಂದೆ ಓದಬೇಡಿ ಅಂದ್ರಿ, ಓದ್ಬಿಟ್ಟೆ. ಎರಡು ಗೇಮ್ ಹೋಯ್ತು.

ಕೋಡ್ ಕುಟ್ಟಿಗ

ಭಾವನೆಗೆ ಬಟನ್ ಇಡೋಕೆ ಹೋಗಿ ನಗೆಪಾಟಲಾದ ಕಥೆನೂ ಇದೆ. 2014ರ 'ಕಾಲ್ ಆಫ್ ಡ್ಯೂಟಿ: ಅಡ್ವಾನ್ಸ್ಡ್ ವಾರ್‌ಫೇರ್'ನಲ್ಲಿ ಗೆಳೆಯನ ಅಂತ್ಯಸಂಸ್ಕಾರ. ಶವಪೆಟ್ಟಿಗೆ ಎದುರು ನಿಂತಾಗ ತೆರೆ ಮೇಲೆ ಬರುತ್ತೆ: ಗೌರವ ಸಲ್ಲಿಸಲು 'ಎಫ್' ಒತ್ತಿ. ಲೋಕವೆಲ್ಲ ನಕ್ಕಿತು. ಈಗ ಯಾರದಾದ್ರೂ ಫೋನ್ ನೀರಿಗೆ ಬಿದ್ದರೂ ಜನ ಕೆಳಗೆ 'ಎಫ್' ಅಂತ ಬರೀತಾರಲ್ಲ, ಅದರ ಮೂಲ ಇದೇ.

ಎರಡೂ ಕಡೆ ಒಂದೇ ಒಂದು ಬಟನ್. ಒಂದರಲ್ಲಿ ಮೂರು ಗಂಟೆ ಆ ಬಟನ್ನಿಗೆ ಅರ್ಥ ತುಂಬಿದ್ದಾರೆ. ಇನ್ನೊಂದರಲ್ಲಿ ಸೂಚನಾಫಲಕ ನೇತುಹಾಕಿದ್ದಾರೆ.

ಕಡಲಕಾಗೆ

ಎಫ್.

ಮುಂಜಾನಿ ಮಂಜು

ಎಫ್

ಬಟನ್ ಬಸವ

ನನ್ನ ಎರಡು ಗೇಮಿಗೆ ಎಫ್.

ಹಳೇ ಮೇಷ್ಟ್ರು

ನಾನು ಆಡುವವನಲ್ಲ. ಮೊಮ್ಮಗ ಆಡುವಾಗ ಹಿಂದೆ ಕುರ್ಚಿ ಹಾಕಿಕೊಂಡು ನೋಡುವವನು. ಮೊದಲು ಬರೆದವರ ಪ್ರಶ್ನೆಗೆ ಸಾವಿರ ವರ್ಷದ ಹಿಂದೆಯೇ ಉತ್ತರ ಬರೆದಿಟ್ಟಿದ್ದಾರೆ ಎಂದರೆ ನಗಬೇಡಿ.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನ ಪ್ರಕಾರ ರಸ ಇರುವುದು ನಟನಲ್ಲಲ್ಲ, ನೋಡುವ ಸಹೃದಯನಲ್ಲಿ. ನಟನಿಗೆ 'ಪಾತ್ರ' ಎಂಬ ಹೆಸರು ಬಂದದ್ದೇ ಅದಕ್ಕೆ ಎನ್ನುತ್ತಾನೆ ಅವನು. ಪಾತ್ರೆಗೆ ತನ್ನೊಳಗೆ ಇರುವುದರ ರುಚಿ ತಿಳಿಯುವುದಿಲ್ಲ. ರಸಾಸ್ವಾದಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನೂ ಎಣಿಸುತ್ತಾನೆ. ತನ್ನದೇ ಸುಖದುಃಖಗಳಿಗೆ ಸಿಕ್ಕಿ ಪರವಶನಾಗಿರುವುದು ಅವುಗಳಲ್ಲೊಂದು. ಹನ್ನೊಂದು ಸಲ ಸತ್ತು, "ಸೇವ್ ಆಯಿತೇ" ಎಂಬ ಚಿಂತೆಯಲ್ಲಿದ್ದವರಿಗೆ ಕರುಣರಸ ಎಲ್ಲಿಂದ ಬರಬೇಕು? ತಂಗಿ ಸಹೃದಯಳಾಗಿ ಕೂತಿದ್ದಳು. ಅಣ್ಣ ಪಾತ್ರೆಯಾಗಿದ್ದ.

ಬಟನ್ ಬಸವ

ಹನ್ನೊಂದು ಸಲ ಬಿದ್ದ ಪಾತ್ರೆ. ಜಜ್ಜಿ ಹೋಗಿರುತ್ತೆ.

ತಡರಾತ್ರಿ ಆಟಗಾರ

ಮೇಷ್ಟ್ರೇ, ಇದನ್ನ ತಂಗಿಗೆ ಓದಿ ಹೇಳಿದೆ. ಈಗ ಎದುರು ಬಂದಾಗೆಲ್ಲ "ಏನ್ ಪಾತ್ರೆ" ಅಂತಿದ್ದಾಳೆ.

ಮೂರನೇ ಜೀವ

ಮೇಷ್ಟ್ರೇ, ತುಂಬ ಇಷ್ಟವಾಯ್ತು. ಆದರೆ ಒಂದು ತಕರಾರು. ಪಾತ್ರೆಗೆ ರುಚಿ ಗೊತ್ತಾಗಲ್ಲ, ನಿಜ. ಬಿಸಿ ತಟ್ಟುತ್ತಲ್ಲ?

'ಪೇಪರ್ಸ್, ಪ್ಲೀಸ್' ಅಂತ ಒಂದು ಗೇಮ್, ಲೂಕಸ್ ಪೋಪ್ ಒಬ್ಬರೇ ಮಾಡಿದ್ದು. (2013 ಮತ್ತೆ! ಆ ವರ್ಷ ಏನಾಗಿತ್ತೋ.) ನೀವು ಒಂದು ಸರ್ವಾಧಿಕಾರಿ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡೋ ಗುಮಾಸ್ತ. ಕಾಗದ ಸರಿ ಇದ್ರೆ ಹಸಿರು ಮೊಹರು, ಇಲ್ಲಾಂದ್ರೆ ಕೆಂಪು. ಎಷ್ಟು ಜನರ ಕಾಗದ ಸರಿಯಾಗಿ ನೋಡಿದ್ರಿ ಅನ್ನೋದರ ಮೇಲೆ ಸಂಬಳ. ದಿನದ ಕೊನೆಗೆ ಒಂದು ಪಟ್ಟಿ: ಊಟಕ್ಕಿಷ್ಟು, ಮನೆ ಬೆಚ್ಚಗಿಡೋಕಿಷ್ಟು, ಔಷಧಿಗಿಷ್ಟು. ಮನೆಯವರು ತೆರೆ ಮೇಲೆ ಬರೀ ಹೆಸರು, ಪಕ್ಕದಲ್ಲಿ 'ಹಸಿದಿದ್ದಾರೆ', 'ಕಾಯಿಲೆ' ಅಂತ ಒಂದು ಪದ. ಸಂಗೀತ ಇಲ್ಲ, ಅಳೋ ಮುಖ ಇಲ್ಲ.

ಒಬ್ಬ ಗಂಡ ಬರ್ತಾನೆ, ಕಾಗದ ಎಲ್ಲ ಸರಿ. "ನನ್ನ ಹಿಂದೆ ಹೆಂಡತಿ ಇದ್ದಾಳೆ, ದಯವಿಟ್ಟು" ಅಂತಾನೆ. ಹೆಂಡತಿ ಹತ್ತಿರ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಹೋದರೆ ಕೊಲ್ತಾರೆ ಅಂತಾಳೆ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದಕ್ಕೆ ದಂಡ. ನಾನು ಆ ದಿನದ ಎರಡನ್ನೂ ಬೇರೆಯವರ ಕಾಗದದಲ್ಲಿ ಕಣ್ತಪ್ಪಿ ಖರ್ಚು ಮಾಡಿಬಿಟ್ಟಿದ್ದೆ. ಮನೇಲಿ ಮಗನಿಗೆ ಕಾಯಿಲೆ. ಕೆಂಪು ಮೊಹರು ಒತ್ತಿದೆ.

ಅವಳು ಹೋದಳು. ಮುಂದಿನವನ ಕಾಗದ ತಗೊಂಡೆ. ಅಷ್ಟೆ, ಅಲ್ಲಿಗೆ ಅದು ಮುಗೀತು. ಆ ರಾತ್ರಿ ಹಲ್ಲುಜ್ಜುತ್ತಾ ನೆನಪಾಯ್ತು, ನಾನು ಒತ್ತೋಕೆ ಮುಂಚೆ ಯೋಚನೆ ಕೂಡ ಮಾಡಿರಲಿಲ್ಲ ಅಂತ. ಸಿನಿಮಾದಲ್ಲಿ ಅಂಥ ಗುಮಾಸ್ತನನ್ನ ನೋಡಿದ್ರೆ "ಎಂಥ ಕಲ್ಲು ಮನಸ್ಸು" ಅಂತಿದ್ದೆ. ಇದಕ್ಕೆ ಒಂಬತ್ತು ರಸದಲ್ಲಿ ಯಾವ ಹೆಸರು ಮೇಷ್ಟ್ರೇ?

ಹಳೇ ಮೇಷ್ಟ್ರು

ಅಮ್ಮಾ, ಅದು ರಸವಲ್ಲ. ಅದು ಪಶ್ಚಾತ್ತಾಪ. ರಸ ಎಂದರೆ ಆನಂದದಲ್ಲಿ ಮುಗಿಯಬೇಕು, ಕರುಣವಾದರೂ ಸರಿಯೆ. ನೀವು ಹೇಳಿದ್ದು ಕಲೆಯೋ ಬದುಕೋ ಎಂದು ನನಗೆ ಅನುಮಾನ ಹತ್ತಿತು. ಯೋಚಿಸಿ ಬರೆಯುತ್ತೇನೆ.

ರೀಲು ಹುಚ್ಚ

ಮೇಷ್ಟ್ರು ಹೇಳಿದ್ದೇ ನನ್ನ ಮಾತು. ಪಶ್ಚಾತ್ತಾಪ ಆಯ್ತು ಅಂದ ಮಾತ್ರಕ್ಕೆ ಕಥೆ ಆಯ್ತು ಅಂತಲ್ಲ. ನಾಯಿಮರಿ ಕಾಲು ತುಳಿದರೂ ಪಶ್ಚಾತ್ತಾಪ ಆಗುತ್ತೆ. ರೋಜರ್ ಈಬರ್ಟ್ ಅಂಥ ವಿಮರ್ಶಕನೇ 2010ರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆ ಆಗಲಾರದು ಅಂತ ಬರೆದಿದ್ದ.

ಕೋಡ್ ಕುಟ್ಟಿಗ

ಅರ್ಧ ಹೇಳಿದ್ರಿ ಸರ್. ಅದನ್ನ ಬರೆದಿದ್ದು ಏಪ್ರಿಲ್‌ನಲ್ಲಿ. ಸಾವಿರಾರು ಜನ ಮುಗಿಬಿದ್ದರು. ಜುಲೈನಲ್ಲಿ ಅವನೇ ಮತ್ತೊಂದು ಬರಹ ಬರೆದು, ಆಡಿ ಅನುಭವ ಇಲ್ಲದೆ ಈ ಮಾತಿಗೆ ಹೋಗಬಾರದಿತ್ತು ಅನ್ನೋ ಅರ್ಥದಲ್ಲಿ ಹಿಂದೆ ಸರಿದ. ಅಭಿಪ್ರಾಯ ಬದಲಿಸಲಿಲ್ಲ, ಅದೂ ನಿಜ. ಅಮೆರಿಕದ ಸುಪ್ರೀಂ ಕೋರ್ಟ್ ಮಾತ್ರ 2011ರಲ್ಲಿ, ಪುಸ್ತಕ, ನಾಟಕ, ಸಿನಿಮಾಕ್ಕಿರೋ ಅಭಿವ್ಯಕ್ತಿ ರಕ್ಷಣೆ ಗೇಮಿಗೂ ಇದೆ ಅಂತ ತೀರ್ಪು ಕೊಟ್ಟಿತು.

ರೀಲು ಹುಚ್ಚ

ಕೋರ್ಟ್ ಹೇಳಿದ್ರೆ ಅಳು ಬರುತ್ತಾ?

ಕೋಡ್ ಕುಟ್ಟಿಗ

ದಂಡ ಹಾಕಿದ್ರೆ ಬರುತ್ತೆ.

ಮುಂಜಾನಿ ಮಂಜು

ನೀವೆಲ್ಲಾ ಬರದಿಟ್ಟ ಕಥಿ ಬಗ್ಗೆನೇ ಮಾತಾಡಾಕತ್ತೀರಿ. ಬರೀದೇ ಹುಟ್ಟೋ ಕಥಿ ಬಗ್ಗೆ ಹೇಳ್ತೀನಿ ಕೇಳ್ರಿ.

'ಎಕ್ಸ್‌ಕಾಮ್' ಆಡೇನಿ, 2012ರದ್ದು. ಅನ್ಯಗ್ರಹದವರ ಮ್ಯಾಲೆ ಯುದ್ಧ, ನಮ್ಮ ಕಡೆ ಸೈನಿಕರ ತಂಡ. ಅವರಿಗೆ ನಾವ ಹೆಸರಿಡಬಹುದು. ನಾ ನಮ್ಮ ಗೆಳೆಯಾರ ಹೆಸರು ಇಟ್ಟಿದ್ದೆ. ಸೈನಿಕ ಸತ್ತರ ಸತ್ತ, ತಿರುಗಿ ಬರಂಗಿಲ್ಲ. ಒಂದು ದಿನ ಎದುರಿಗೆ ನಿಂತ ವೈರಿಗೆ ನನ್ನ ಜೀವದ ಗೆಳೆಯನ ಕೈಲೇ ಗುಂಡು ಹೊಡಿಸಿದೆ. ಶೇಕಡ 95 ತಾಗತೈತಿ ಅಂತ ಬರದಿತ್ತು. ತಾಗಲಿಲ್ಲ. ಮುಂದಿನ ಸರದಿಗೆ ಅಂವಾ ಹೋದ. ಅವನ ಬೆನ್ನಿಗೆ ಇನ್ನೊಬ್ಬಾಕಿ ಗಾಬರಿಯಾಗಿ ಓಡಿಹೋದ್ಲು, ಆಕಿಗೆ ಇಟ್ಟಿದ್ದು ಖರೇನ ಅವನ ಹೆಂಡ್ತಿ ಹೆಸರು! ಇದನ್ನ ಯಾರ ಬರದ್ರು ಹೇಳ್ರಿ? ಮರುದಿನ ಅಂವಗ ಫೋನ್ ಹಚ್ಚಿ "ಆರಾಮ ಅದಿಯಲ್ಲ" ಅಂತ ಕೇಳಿದೆ. ಅಂವಾ ಯಾಕಂತ ಕೇಳಿದ, ಹೇಳಲಿಲ್ಲ.

ರೀಲು ಹುಚ್ಚ

ಮಂಜು ಅವರೇ, ಇದು ಚೆನ್ನಾಗಿದೆ, ಬಿದ್ದು ಬಿದ್ದು ನಕ್ಕೆ. ಆದರೆ ಘಟನೆ ಬೇರೆ, ಕಥೆ ಬೇರೆ. ಗೇಮ್ ಕೊಟ್ಟಿದ್ದು ಘಟನೆ. ಅದನ್ನ ಕಥೆ ಮಾಡಿದ್ದು ಈಗ ಇಲ್ಲಿ ಬರೆದ ನೀವು. ಅದರ ಹಿರಿಮೆ ನಿಮಗೆ ಸೇರಬೇಕು, ಗೇಮಿಗಲ್ಲ.

ಮುಂಜಾನಿ ಮಂಜು

ಹಂಗಂದ್ರ ಸಾಕ್ರೀ, ನನಗ ಸೇರಲಿ.

ಕಡಲಕಾಗೆ

ನನ್ನದು ಒಂದು ಉಂಟು. 'ಜರ್ನಿ', 2012. ಮರಳುಗಾಡು, ದೂರದಲ್ಲಿ ಒಂದು ಬೆಟ್ಟ, ಅಲ್ಲಿಗೆ ನಡೆಯುವುದು. ಮಧ್ಯದಲ್ಲಿ ಇನ್ನೊಬ್ಬರು ಸಿಗ್ತಾರೆ. ಅದು ಕಂಪ್ಯೂಟರ್ ಅಲ್ಲ, ಎಲ್ಲೋ ಕೂತು ಆಡ್ತಿರುವ ನಿಜವಾದ ಮನುಷ್ಯ. ಹೆಸರು ಕಾಣುವುದಿಲ್ಲ, ಮಾತಾಡ್ಲಿಕ್ಕೆ ಆಗುವುದಿಲ್ಲ. ಹಕ್ಕಿಯ ಹಾಗೆ 'ಟುಂಯ್' ಅಂತ ಒಂದು ಸದ್ದು ಮಾತ್ರ ಮಾಡಬಹುದು. ನನ್ನ ಜೊತೆ ಬಂದ ಪುಣ್ಯಾತ್ಮ ನಾನು ದಾರಿ ತಪ್ಪಿದಾಗೆಲ್ಲ ನಿಂತು ಟುಂಯ್ ಟುಂಯ್ ಅಂತ ಕರೀತಿದ್ದ. ಹಿಮದ ಬೆಟ್ಟ ಹತ್ತುವಾಗ ಇಬ್ಬರೂ ಒಬ್ಬರಿಗೊಬ್ಬರು ತಾಗಿಕೊಂಡೇ ನಡೆದೆವು.

ಮುಗಿದ ಮೇಲೆ ಜೊತೆಗಿದ್ದವರ ಹೆಸರಿನ ಪಟ್ಟಿ ಬರ್ತದೆ. ಆ ಹೆಸರನ್ನು ನಾನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸಂದೇಶ ಕಳಿಸಲಿಲ್ಲ. ಕಳಿಸಿದರೆ ಅದು ಯಾರೋ ಒಬ್ಬ ಆಗಿಬಿಡ್ತಾನೆ ಮಾರಾಯ್ರೆ.

ಸಂಗೀತದ ಬಗ್ಗೆಯೂ ಹೇಳ್ಬೇಕು. ಗ್ರ್ಯಾಮಿಯಲ್ಲಿ ಸಿನಿಮಾದಂಥ ದೃಶ್ಯಮಾಧ್ಯಮದ ಹಿನ್ನೆಲೆ ಸಂಗೀತದ ವಿಭಾಗಕ್ಕೆ ನಾಮನಿರ್ದೇಶನ ಆದ ಮೊದಲ ವಿಡಿಯೋ ಗೇಮ್ ಸಂಗೀತ ಅದು, ಆಸ್ಟಿನ್ ವಿಂಟರಿಯದ್ದು.

ಬಟನ್ ಬಸವ

ನಂಗೆ ಆನ್‌ಲೈನ್‌ನಲ್ಲಿ ಸಿಗೋರೆಲ್ಲ ನನ್ನ ಅಪ್ಪ ಅಮ್ಮನ್ನ ನೆನೆಸಿಕೊಳ್ಳೋರೇ. ಟುಂಯ್ ಅನ್ನೋರು ಸಿಕ್ಕಿದ್ರೆ ನಾನೂ ಅಳ್ತೀನಿ.

ಅದಿರಲಿ, ಯಾರೂ ಇದನ್ನ ಹೇಳ್ತಿಲ್ಲ. ಗೇಮಲ್ಲಿ ಮಗಳು ಕಾಣೆಯಾಗಿದ್ದಾಳೆ, ಲೋಕ ಮುಳುಗ್ತಿದೆ, "ಬೇಗ ಹೋಗು!" ಅಂತಾರೆ. ನಾನು ನಲವತ್ತು ಗಂಟೆ ಮೀನು ಹಿಡ್ಕೊಂಡು, ಕುದುರೆ ರೇಸ್ ಆಡ್ಕೊಂಡು ಹೋಗ್ತೀನಿ. ಹೋದಾಗ ಅಲ್ಲಿ ಎಲ್ಲರೂ ಅದೇ ಭಂಗಿಯಲ್ಲಿ ಕಾಯ್ತಿರ್ತಾರೆ. ಯಾರೂ "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಅಂತ ಕೇಳಲ್ಲ. ಅದಕ್ಕೇ ನಂಗೆ ಯಾವತ್ತೂ ಅಳು ಬಂದಿಲ್ಲ.

ಕೋಡ್ ಕುಟ್ಟಿಗ

ಬಸವಣ್ಣ, ನೀವು ತಮಾಷೆಗೆ ಹೇಳಿದ್ರೂ ಈ ಕ್ಷೇತ್ರದ ಹಳೇ ಹುಣ್ಣಿಗೇ ಕೈ ಹಾಕಿದ್ರಿ. ಕಥೆ ಹೇಳೋದು ಒಂದು, ಆಟ ಮಾಡಿಸೋದು ಇನ್ನೊಂದು. ಕ್ಲಿಂಟ್ ಹಾಕಿಂಗ್ ಅನ್ನೋ ವಿನ್ಯಾಸಕ 2007ರಲ್ಲಿ 'ಬಯೋಶಾಕ್' ಗೇಮ್ ಬಗ್ಗೆ ಬರೀತಾ ಈ ಬಿರುಕಿಗೆ ಒಂದು ಉದ್ದನೆ ಹೆಸರಿಟ್ಟ: 'ಲ್ಯೂಡೋನರೇಟಿವ್ ಡಿಸೊನೆನ್ಸ್'. 'ಅನ್‌ಚಾರ್ಟೆಡ್' ನಾಯಕ ಕಟ್‌ಸೀನಲ್ಲಿ ನಗುನಗ್ತಾ ಜೋಕ್ ಮಾಡೋ ಒಳ್ಳೆ ಹುಡುಗ, ಆಡುವಾಗ ನೂರಾರು ಜನರನ್ನ ಕೊಂದಿರ್ತಾನೆ. ನಾಲ್ಕನೇ ಭಾಗದಲ್ಲಿ ಸಾವಿರ ಜನರನ್ನ ಕೊಂದವರಿಗೆ ಇದೇ ಉದ್ದನೆ ಹೆಸರಿನ ಟ್ರೋಫಿ ಕೊಟ್ಟು, ಗೇಮ್ ಮಾಡಿದವರು ತಮ್ಮನ್ನ ತಾವೇ ಗೇಲಿ ಮಾಡ್ಕೊಂಡರು.

ಈ ಬಿರುಕು ಮುಚ್ಚಿದ ಕಡೆ ಮಾತ್ರ ಗೇಮ್ ತಟ್ಟುತ್ತೆ ಅನ್ನೋದು ನನ್ನ ಲೆಕ್ಕ. ನಾನು ನೋಡಿದ ಅತ್ಯುತ್ತಮ ಉದಾಹರಣೆ 'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್', 2017. ಒಂದು ಅಧ್ಯಾಯದಲ್ಲಿ ನೀವು ಮೀನು ಕಾರ್ಖಾನೆ ಕೆಲಸಗಾರ. ಬಲಗೈಲಿ ಮೀನು ಎಳ್ಕೊಂಡು ಕತ್ತಿಗೆ ಕೊಡಬೇಕು, ತಲೆ ಹಾರುತ್ತೆ, ಪಕ್ಕಕ್ಕೆ ಎಸೆಯಬೇಕು. ಮತ್ತೊಂದು ಮೀನು. ಅವನು ಹಗಲುಗನಸು ಕಾಣೋಕೆ ಶುರು ಮಾಡ್ತಾನೆ. ತೆರೆಯ ಮೂಲೆಯಲ್ಲಿ ಪುಟ್ಟದಾಗಿ ಒಂದು ರಾಜ್ಯ, ಅಲ್ಲಿ ಎಡಗೈಲಿ ನಡೀಬೇಕು. ಕನಸು ದೊಡ್ಡದಾಗ್ತಾ ಆಗ್ತಾ ಇಡೀ ತೆರೆ ತುಂಬುತ್ತೆ. ಕಾರ್ಖಾನೆ ಕಾಣೋದೇ ಇಲ್ಲ. ಆದರೆ ಬಲಗೈ ಮೀನು ಕತ್ತರಿಸ್ತಾನೇ ಇರುತ್ತೆ. ನಿಮ್ಮ ಗಮನ ಇಲ್ಲದೆ. ಯಾಂತ್ರಿಕ ಕೆಲಸದಲ್ಲಿ ಮನಸ್ಸು ಕಳೆದುಹೋಗೋದು ಅಂದ್ರೆ ಏನು ಅಂತ ಯಾರೂ ವಿವರಿಸಲ್ಲ. ನಿಮ್ಮ ಕೈಯೇ ಕಳೆದುಹೋಗಿರುತ್ತೆ. ಕೊನೆಗೆ ಕನಸಿನ ರಾಜ್ಯದಲ್ಲಿ ಕಿರೀಟಕ್ಕೆ ತಲೆ ಬಗ್ಗಿಸಬೇಕು. ಯಾವ ಕತ್ತಿಯ ಕೆಳಗೆ ಬಗ್ಗಿಸ್ತಿದ್ದೀರಿ ಅಂತ ಆಗ ಹೊಳೆಯುತ್ತೆ.

ಬಟನ್ ಬಸವ

ಮೂರು.

ರೀಲು ಹುಚ್ಚ

ಇದನ್ನ ನಾನು ಆಡಿಲ್ಲ, ಯೂಟ್ಯೂಬಿನಲ್ಲಿ ನೋಡಿದ್ದೇನೆ. ಒಳ್ಳೆ ಉಪಾಯ ಅನಿಸಿತು, ಎದೆಗೇನೂ ತಟ್ಟಲಿಲ್ಲ.

ಮೂರನೇ ಜೀವ

ಸಿನಿಮಾವನ್ನ ರೇಡಿಯೋದಲ್ಲಿ ಕೇಳಿ ವಿಮರ್ಶೆ ಬರೆದಂಗಾಯ್ತು ಸರ್.

ರೀಲು ಹುಚ್ಚ

ಸರಿ, ಆ ಏಟು ತಿಂದೆ. ಆದರೆ ಈಗ ನಿಮ್ಮದೇ ವಾದದಲ್ಲಿ ಒಂದು ತೊಡಕು. ಗೇಮಿನ ದೊಡ್ಡಸ್ತಿಕೆ ಆಯ್ಕೆಯಲ್ಲಿದೆ ಅಂತ ಎಲ್ಲರೂ ಹೇಳ್ತಾರೆ. ಇಲ್ಲಿ ನೀವು ಕೊಟ್ಟ ಉದಾಹರಣೆಗಳಲ್ಲಿ ಆಯ್ಕೆ ಎಲ್ಲಿದೆ? ಅಣ್ಣ ಸಾಯಲೇಬೇಕು. ಮೀನಿನವನು ತಲೆ ಬಗ್ಗಿಸಲೇಬೇಕು. ಕಥೆಯನ್ನ ನಿರ್ದೇಶಕನೇ ಹಿಡಿದಿದ್ದಾನೆ. ಪ್ರೇಕ್ಷಕನಿಗೆ ಆಯ್ಕೆ ಕೊಡೋ ಪ್ರಯೋಗ ಸಿನಿಮಾದವರೂ ಮಾಡಿದ್ದಾರೆ. 1967ರಲ್ಲಿ ಮಾಂಟ್ರಿಯಲ್‌ನ ವಿಶ್ವ ಪ್ರದರ್ಶನದಲ್ಲಿ ಜೆಕೊಸ್ಲೊವಾಕಿಯಾದವರು 'ಕಿನೋಆಟೊಮ್ಯಾಟ್' ಅಂತ ತೋರಿಸಿದರು. ಆಗಾಗ ಸಿನಿಮಾ ನಿಲ್ಲಿಸಿ, ಮುಂದೇನಾಗಬೇಕು ಅಂತ ಪ್ರೇಕ್ಷಕರಿಂದ ಬಟನ್ ಒತ್ತಿಸಿ ಮತ ಹಾಕಿಸೋದು. ತಮಾಷೆ ಏನಂದ್ರೆ ಯಾವುದಕ್ಕೆ ಮತ ಹಾಕಿದರೂ ಕಥೆ ಅದೇ ಜಾಗಕ್ಕೆ ಬಂದು ಸೇರ್ತಿತ್ತು. ಜನರಿಗೆ ಗೊತ್ತಾಗ್ತಿರಲಿಲ್ಲ.

ತಡರಾತ್ರಿ ಆಟಗಾರ

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ, ಯಾಕಂದ್ರೆ ನಿನ್ನೆ ರಾತ್ರಿ 'ದಿ ಲಾಸ್ಟ್ ಆಫ್ ಅಸ್' ಮುಗಿಸಿದೆ. (ಬಸವಣ್ಣ, ನಿಜವಾಗ್ಲೂ ಹೊರಟುಹೋಗಿ.)

ಕೊನೆಯಲ್ಲಿ ಆಸ್ಪತ್ರೆ. ಹುಡುಗಿಯ ತಲೆ ಕೊಯ್ದರೆ ಲೋಕಕ್ಕೆ ಹಬ್ಬಿರೋ ರೋಗಕ್ಕೆ ಔಷಧಿ ಸಿಗಬಹುದು, ಅವಳು ಉಳಿಯಲ್ಲ. ಜೋಯಲ್ ಅವಳನ್ನ ಬಿಡಿಸಿಕೊಂಡು ಹೋಗೋಕೆ ಶಸ್ತ್ರಚಿಕಿತ್ಸೆ ಕೋಣೆಗೆ ನುಗ್ತಾನೆ. ಎದುರಿಗೆ ಡಾಕ್ಟರ್, ಕೈಲಿ ಒಂದು ಪುಟ್ಟ ಚಾಕು. ಆಯ್ಕೆ ಇಲ್ಲ. ಅವನನ್ನ ಕೊಲ್ಲದೆ ಕಥೆ ಮುಂದೆ ಹೋಗಲ್ಲ. ಅದು ಗೊತ್ತಿಲ್ಲದೆ ನಾನು ಬೇರೆ ದಾರಿ ಇದೆಯಾ ಅಂತ ಆ ಕೋಣೆಯನ್ನೆಲ್ಲ ಸುತ್ತಿದೆ. ಗೋಡೆ ಪಕ್ಕ ಹೋದೆ. ಸುಮ್ಮನೆ ನಿಂತೆ. ಡಾಕ್ಟರ್ ಚಾಕು ಹಿಡಿದು ನಿಂತೇ ಇದ್ದ, ನಾನೂ ನಿಂತೇ ಇದ್ದೆ.

ಆಯ್ಕೆ ಇರಲಿಲ್ಲ, ಒಪ್ಪಿದೆ. ಆದರೆ ಸಿನಿಮಾ ನನಗೋಸ್ಕರ ನಿಲ್ಲಲ್ಲ. ಇದು ನಿಂತಿತು. ನಾನು ಒತ್ತೋವರೆಗೂ ಕಾಯ್ತು. ತಂಗಿ "ಏನ್ ಮಾಡ್ತಿದ್ದೀಯ, ಬೇಗ ಮುಗಿಸು" ಅಂದಳು. ಈ ಸಲ ಅವಳಿಗೆ ಬೇಜಾರಾಗ್ತಿತ್ತು.

ಹೆಸರು ಬೇಡ

ಇಲ್ಲಿ ಸುಮ್ಮನೆ ಓದುವವಳು ನಾನು, ಬರೆಯುವುದಿಲ್ಲ. ಒಂದು ಗೇಮ್ ಹೆಸರು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. 'ದಟ್ ಡ್ರ್ಯಾಗನ್, ಕ್ಯಾನ್ಸರ್'. ಮಗು ಕಳೆದುಕೊಂಡ ಅಪ್ಪ ಅಮ್ಮನೇ ಗೆಳೆಯರ ಜೊತೆ ಸೇರಿ ಮಾಡಿದ್ದು. ಶುರು ಮಾಡಿದಾಗ ಮಗು ಇತ್ತು. 2014ರಲ್ಲಿ ಹೋಯಿತು. ಗೇಮ್ ಬಂದಿದ್ದು 2016ರಲ್ಲಿ.

ಅದರಲ್ಲಿ ಆಸ್ಪತ್ರೆಯ ಒಂದು ರಾತ್ರಿ ಇದೆ. ಮಗು ಬಾಯಾರಿಕೆಯಿಂದ ಅಳುತ್ತಿದೆ, ಕುಡಿಸಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎತ್ತಿಕೊಂಡು ಓಡಾಡಬಹುದು, ಕೂರಬಹುದು, ತಟ್ಟಬಹುದು. ಏನು ಒತ್ತಿದರೂ ಅಳು ನಿಲ್ಲುವುದಿಲ್ಲ. ಗೇಮ್ ಅಂದ ಮೇಲೆ ಸರಿಯಾದ ಬಟನ್ ಒಂದು ಇದ್ದೇ ಇರುತ್ತದೆ ಅಂತ ಹುಡುಕುತ್ತಲೇ ಇರುತ್ತೀರಿ.

ನಾನು ಅಂಥ ಕೋಣೆಯಲ್ಲಿ ಎಂಟು ರಾತ್ರಿ ಇದ್ದೆ. ನನ್ನ ಮಗ ಈಗ ಚೆನ್ನಾಗಿದ್ದಾನೆ. ಆ ಎಂಟು ರಾತ್ರಿ ಹೇಗಿತ್ತು ಅಂತ ನನ್ನ ತಮ್ಮನಿಗೆ ಎಷ್ಟು ಹೇಳಿದರೂ ಅರ್ಥವಾಗಿರಲಿಲ್ಲ. ಆ ಒಂದು ಭಾಗ ಆಡಲು ಕೊಟ್ಟೆ. ಆಡಿ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಮಗನ ಪಕ್ಕ ಕೂತ.

ಕಡಲಕಾಗೆ

ಅಕ್ಕಾ, ಮಗ ಚೆನ್ನಾಗಿರಲಿ.

ಮುಂಜಾನಿ ಮಂಜು

ಚಲೋ ಆತು ನೀವು ಬರದಿದ್ದು ಅಕ್ಕಾರ.

ರೀಲು ಹುಚ್ಚ

ಇದಕ್ಕೆ ನಾನು ವಾದ ಮಾಡಲ್ಲ. ಹುಡುಕಿ ಆಡ್ತೀನಿ. ನೋಡಲ್ಲ, ಆಡ್ತೀನಿ.

ಹಳೇ ಮೇಷ್ಟ್ರು

ಯೋಚಿಸಿ ಬರೆಯುತ್ತೇನೆ ಎಂದಿದ್ದೆ. ಸಿನಿಮಾ, ನಾಟಕ, ಕಾವ್ಯ ಎಲ್ಲವೂ "ಅವನಿಗೆ ಹೀಗಾಯಿತು" ಎಂದು ಹೇಳಿ ನಮ್ಮನ್ನು ಅವನ ಹತ್ತಿರ ಕರೆದೊಯ್ಯುತ್ತವೆ. ಅಲ್ಲಿ ಒಂದು ದೂರ ಉಳಿಯುತ್ತದೆ, ಆ ದೂರದಲ್ಲೇ ರಸ. ನೀವೆಲ್ಲ ಹೇಳಿದ ಉದಾಹರಣೆಗಳಲ್ಲಿ ಆ ದೂರವೇ ಇಲ್ಲ. ಆದ್ದರಿಂದ ಅದು ಸಿನಿಮಾದಷ್ಟು ತಟ್ಟುತ್ತದೆಯೇ ಎಂಬ ಪ್ರಶ್ನೆಯೇ ಸರಿ ಹೊಂದದು ಎನಿಸುತ್ತದೆ. ಮೈಗೆ ತಾಗುವುದನ್ನೂ ಕಣ್ಣಿಗೆ ಕಾಣುವುದನ್ನೂ ಒಂದೇ ಕೋಲಿನಲ್ಲಿ ಅಳೆಯಲಾದೀತೇ? ಆದರೆ ಮೊಮ್ಮಗ ಆಡುವುದರಲ್ಲಿ ಬಹುಪಾಲು ಬರೀ ಢಂ ಢಂ. ಅದನ್ನೂ ಮರೆಯಬೇಡಿ.

ಬಟನ್ ಬಸವ

ಮೇಷ್ಟ್ರೇ, ಆ ಮೊಮ್ಮಗನ ಐಡಿ ಕೊಡಿ. ಢಂ ಢಂಗೆ ಒಬ್ಬರು ಬೇಕಿತ್ತು.

ತಡರಾತ್ರಿ ಆಟಗಾರ

ಕೊನೆಯದಾಗಿ ಒಂದು ವರದಿ. ಶನಿವಾರ ರಾತ್ರಿ 'ಬ್ರದರ್ಸ್' ಹಾಕಿ ತಂಗಿ ಕೈಗೆ ಕಂಟ್ರೋಲರ್ ಕೊಟ್ಟೆ. ಈ ಸಲ ಪಕ್ಕದಲ್ಲಿ ಕೂತಿದ್ದು ನಾನು. ಮೊದಲ ಒಂದು ಗಂಟೆ ಬರೀ ಬೈಗುಳ. ಅಣ್ಣ ಗೋಡೆಗೆ ಗುದ್ದುತ್ತಾನೆ, ತಮ್ಮ ಬೇಲಿ ಸುತ್ತುತ್ತಾನೆ, "ಎರಡು ಕೈಗೆ ಇಬ್ಬರನ್ನ ಯಾವ ತಲೆಕೆಟ್ಟವನು ಕೊಟ್ಟಿದ್ದು" ಅಂತ.

ಅಣ್ಣ ಸತ್ತ. ಅವಳು ಅಳಲಿಲ್ಲ. "ಇನ್ನೆಷ್ಟಿದೆ?" ಅಂತ ಕೇಳಿದಳು. ನೀರಿನ ಹತ್ತಿರ ಬಂದಳು, ತಮ್ಮನ ಟ್ರಿಗರ್ ಐದಾರು ಸಲ ಒತ್ತಿದಳು, "ಕೆಟ್ಟೋಗಿದೆ ಇದು" ಅಂದಳು. ನನಗೆ ಉತ್ತರ ಗೊತ್ತಿತ್ತು, ಇಲ್ಲೇ ಓದಿದ್ದೆನಲ್ಲ. ಹೇಳಲಿಲ್ಲ. ನಾನು ನೋಡ್ತಿದ್ದಿದ್ದು ತೆರೆಯನ್ನಲ್ಲ, ಅವಳ ಎಡಗೈಯನ್ನ. ಅಣ್ಣ ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು, ಆ ಕೈಗೆ ಏನೂ ಕೆಲಸ ಇರಲಿಲ್ಲ. ಆದರೂ ಹೆಬ್ಬೆರಳು ಸ್ಟಿಕ್ ಮೇಲೆ ಹಾಗೇ ಇತ್ತು.

ಆಮೇಲೆ ಒತ್ತಿದಳು. ಹುಡುಗ ನೀರಿಗಿಳಿದ. ಅವಳು "ಓ" ಅಂದಳು, ಅಷ್ಟೆ. ಕಣ್ಣು ಒರೆಸಿಕೊಂಡಿದ್ದು ನಾನು. ಪಾತ್ರೆ ಯಾರು, ಸಹೃದಯ ಯಾರು, ಮೇಷ್ಟ್ರೇ ಹೇಳಬೇಕು.

ಬಟನ್ ಬಸವ

ಕೀಬೋರ್ಡಲ್ಲಿ ಆಡಬಹುದಾ ಅದನ್ನ?

ಮೂರನೇ ಜೀವ

ಬೇಡ ಬಸವಣ್ಣ. ಯಾರ ಹತ್ತಿರನಾದ್ರೂ ಕಂಟ್ರೋಲರ್ ಕೇಳಿ ತಗೊಳ್ಳಿ.